ಬೆಣ್ಣೆ ಚಾವಡಿಯೂ ಹಸಿರು ಹುಲ್ಲೂ

ಹಿರಿಯೂರು ಸೀಮೆಯ ಯಲ್ಲದಕೆರೆಯಂಥ ಒಣನಾಡಿನಲ್ಲಿ, ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಕಡೆದ ಹಸುವಿನ ಬೆಣ್ಣೆಗೆ ಒಳ್ಳೆಯ ಹಳದಿ ಬಣ್ಣವಿರುತ್ತದೆ. ಬೇಸಿಗೆಯಲ್ಲಿ ಒಣ ಸೊಪ್ಪೆ ತಿಂದ ಅದೇ ಹಸುವಿನ ಬೆಣ್ಣೆ ಬಿಳಚಿಕೊಳ್ಳುತ್ತದೆ. ಕಲಬೆರಕೆಯೆಂದು ಅನುಮಾನಿಸುವ ಮೊದಲು ನೀವು ಗೋದಲಿಯೊಳಗೆ ಇಣುಕಿ ನೋಡಬೇಕು.

ಹುಲ್ಲಿಗೂ ಬೆಣ್ಣೆಗೂ ಇರುವ ನಂಟು ನಮ್ಮ ನಾಡಿನಲ್ಲಿ ಒಮ್ಮೆ ಸರ್ಕಾರದ ಇಲಾಖೆಯೇ ಆಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಾಲು–ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ಯನ್ನು ಸ್ಥಾಪಿಸಿ, ದನಗಳಿಗೆ ಕಾವಲುಗಳನ್ನು ಮೀಸಲಿಟ್ಟರು. ಟಿಪ್ಪು ಸುಲ್ತಾನ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. (ಹೆಸರಿನಲ್ಲಿರುವಷ್ಟು ಅಮೃತ ಆ ಹಸುವಿನ ಕೆಚ್ಚಲಿನಲ್ಲಿಲ್ಲ, ಅದರ ಖ್ಯಾತಿಯೆಲ್ಲ ಫಿರಂಗಿ ಎಳೆದ ಎತ್ತುಗಳದು.) ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನ ಸೀಮೆಗಳಲ್ಲಿ ಹರಡಿದ್ದ ಈ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳವೆಂದು ವಿಂಗಡಿಸಿದ್ದರು. ಕೆರೆನೀರು, ಮರದ ನೆರಳು ಇದ್ದವು ಬೇಸಿಗೆಗೆ. ಹಿಂಡುಗಳು ಹುಲ್ಲನ್ನು ಹಿಂಬಾಲಿಸಿ ನಡೆಯುತ್ತಿದ್ದವು.

ವಿಟಮಿನ್ ಎಂಬ ಮಾತೇ ಆಗ ಹುಟ್ಟಿರಲಿಲ್ಲ. 1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಇಲಿಗಳಿಗೆ ಬೇರೆ ಬೇರೆ ಕೊಬ್ಬು ತಿನ್ನಿಸಿದರು. ಹಂದಿಕೊಬ್ಬು ತಿಂದವುಗಳ ಬೆಳವಣಿಗೆ ನಿಂತಿತು, ಬೆಣ್ಣೆಯ ಜಿಡ್ಡು ತಿಂದವು ಬೆಳೆದವು. ಕಾರಣವಾದ ವಸ್ತುವೇ ಮುಂದೆ ‘ಎ’ ವಿಟಮಿನ್ ಎನಿಸಿತು. ಹಸಿರೆಲೆಯ ಕ್ಯಾರೊಟೀನ್ ದೇಹದೊಳಗೆ ಈ ವಿಟಮಿನ್ ಆಗುತ್ತದೆಂದು ಇಂಗ್ಲೆಂಡಿನ ಥಾಮಸ್ ಮೂರ್ 1930ರ ಹೊತ್ತಿಗೆ ತೋರಿಸಿದರು. ಹಸು ಕ್ಯಾರೊಟೀನಿನ ಒಂದು ಪಾಲನ್ನು ಹಾಗೆಯೇ ಹಾಲಿನ ಜಿಡ್ಡಿಗೆ ಬಿಡುತ್ತದೆ. ಬೆಣ್ಣೆಯ ಹಳದಿ ಅದೇ. ಎಮ್ಮೆ ಬಹುಪಾಲು ಎಲ್ಲವನ್ನೂ ವಿಟಮಿನ್ ಮಾಡಿಬಿಡುತ್ತದೆ. ಹಾಗಾಗಿ ಎಮ್ಮೆಯ ಬಿಳಿ ಬೆಣ್ಣೆಯನ್ನು ಸತ್ವಹೀನವೆಂದು ತಳ್ಳಬೇಡಿ.

ಬಿಸಿಲಿಗೆ ಒಣಗಿದ ಮೇವಿನಲ್ಲಿ ಕ್ಯಾರೊಟೀನ್ ಬಹುಮಟ್ಟಿಗೆ ನಾಶವಾಗಿರುತ್ತದೆ. ಹಿಂಡಿಯೂ ಬೆಣ್ಣೆಯ ಗುಣ ಬದಲಿಸುತ್ತದೆ: ಹತ್ತಿಕಾಳು ತಿಂದರೆ ಗಟ್ಟಿ, ಶೇಂಗಾ ಹಿಂಡಿ ತಿಂದರೆ ಮೆದು. ಆದರೆ ಮೇವಿನಲ್ಲಿ ಕ್ಯಾಲ್ಸಿಯಂ ಕೊರೆಯಾದರೂ ಹಾಲಿನಲ್ಲಿ ಅದು ಅಷ್ಟಾಗಿ ತಗ್ಗುವುದಿಲ್ಲ. ಹಸು ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಲೋಟದ ಹಾಲನ್ನಷ್ಟೇ ನೋಡಿದವರಿಗೆ ಆ ನಷ್ಟ ಕಾಣದು.

ಕಾವಲುಗಳು ಕಾಲಕಾಲಕ್ಕೆ ಬೇಸಾಯಕ್ಕೂ ಇತರ ಕೆಲಸಗಳಿಗೂ ಹಂಚಿಹೋದವು. 2009ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ವಿಜ್ಞಾನ ಓದಿದ ನನಗೂ ಆ ಲೆಕ್ಕ ಸುಲಭವಾಗಿ ಇತ್ಯರ್ಥವಾಗುವುದಿಲ್ಲ. ಹಿಂಡು ಹುಲ್ಲನ್ನು ಹುಡುಕಿ ನಡೆಯುವ ದಾರಿ ಮುಚ್ಚಿದ ಮೇಲೆ ಹಸಿರನ್ನು ಕೊಟ್ಟಿಗೆಗೇ ತರಬೇಕು: ಬಾವಿಯ ಬದಿಯಲ್ಲಿ ಒಂದಿಷ್ಟು ಕುದುರೆಮೆಂತ್ಯ, ಮಳೆಗಾಲದ ಹಸಿಮೇವನ್ನು ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿಟ್ಟ ರಸಮೇವು. ಬಿಸಿಲಿಗೆ ಒಣಗಿಸಿದ ಹುಲ್ಲಿಗಿಂತ ಅದರಲ್ಲಿ ಕ್ಯಾರೊಟೀನ್ ಹೆಚ್ಚು ಉಳಿದಿರುತ್ತದೆ.