ಮಧುಮೇಹಿಗಳಲ್ಲಿ ಹಲ್ಲಿನ ಶಸ್ತ್ರಚಿಕಿತ್ಸೆ: ಊತ ಏಕೆ, ಗಾಯ ಮಾಯುವುದು ಹೇಗೆ?

ಹಲ್ಲು ಕೀಳಿಸಿಕೊಂಡ ಮರುದಿನ ಕೆನ್ನೆ ಊದಿಕೊಳ್ಳುವುದು ಸಾಮಾನ್ಯ ಸಂಗತಿ. ಆದರೆ ಮಧುಮೇಹ ಇರುವವರ ಮನೆಯಲ್ಲಿ ಅದೇ ಊತ ಆತಂಕಕ್ಕೆ ಕಾರಣವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಹಲ್ಲು ಕೀಳಿಸಲೇಬಾರದು, ಕೀಳಿಸಿದರೆ ಗಾಯ ಮಾಯುವುದೇ ಇಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಳಿದುಕೊಂಡಿದೆ. ಈ ಭಯದಿಂದ ಕೀವು ತುಂಬಿದ ಹಲ್ಲನ್ನು ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡು, ನೋವು ಶಮನದ ಮಾತ್ರೆಗಳಲ್ಲಿ ದಿನ ದೂಡುವವರೂ ಇದ್ದಾರೆ.

ವಾಸ್ತವ ಬೇರೆಯೇ ಆಗಿದೆ. ರಕ್ತದ ಗ್ಲೂಕೋಸ್ ಹತೋಟಿಯಲ್ಲಿರುವ ಮಧುಮೇಹಿಯ ಗಾಯ ಹೆಚ್ಚುಕಡಿಮೆ ಇತರರ ಗಾಯದಂತೆಯೇ ಮಾಯುತ್ತದೆ. ತೊಡಕು ಇರುವುದು ಹತೋಟಿ ತಪ್ಪಿದ ಗ್ಲೂಕೋಸ್‌ನಲ್ಲಿ ಮತ್ತು ಮುಂದೂಡಿದ ಸೋಂಕಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹಳಷ್ಟು ಮಂದಿಗೆ ಒಂದಲ್ಲ ಒಂದು ದಿನ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಸಂದರ್ಭ ಬರುತ್ತದೆ.

ಊತವೇ ರೋಗವಲ್ಲ

ಹಲ್ಲು ಕಿತ್ತ ಕೂಡಲೇ ಆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗಾಯಕ್ಕೆ ದೇಹವೇ ಹಾಕಿಕೊಳ್ಳುವ ಮೊದಲ ಪಟ್ಟಿ ಇದು. ಅನಂತರ ಸುತ್ತಲಿನ ರಕ್ತನಾಳಗಳು ಹಿಗ್ಗಿ ಬಿಳಿ ರಕ್ತಕಣಗಳು ಗಾಯದತ್ತ ಧಾವಿಸುತ್ತವೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು, ಸತ್ತ ಅಂಗಾಂಶವನ್ನು ತೆರವುಗೊಳಿಸುವುದು ಅವುಗಳ ಕೆಲಸ. ಹೊರಗೆ ಊತ, ಕೆಂಪು, ಬಿಸಿ, ನೋವು ಎಂದು ಕಾಣಿಸುವುದು ಇದೇ ಕಾರ್ಯ. ಇದನ್ನೇ ಉರಿಯೂತ ಎನ್ನುತ್ತಾರೆ. ಇದು ಗುಣವಾಗುವಿಕೆಯ ಮೊದಲ ಹಂತ.

ಬುದ್ಧಿಹಲ್ಲು ತೆಗೆಯುವಂತಹ ಶಸ್ತ್ರಚಿಕಿತ್ಸೆಯ ನಂತರ ಊತವು 2-3ನೆಯ ದಿನ ಗರಿಷ್ಠ ಮಟ್ಟ ತಲುಪಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಈ ಅವಧಿಯಲ್ಲಿ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಹೊಸ ಅಂಗಾಂಶ ಬೆಳೆಯಲಾರಂಭಿಸುತ್ತದೆ. ಕೆಲವು ವಾರಗಳಲ್ಲಿ ವಸಡು ಮುಚ್ಚಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಿಕೊಳ್ಳಲು ಮಾತ್ರ ತಿಂಗಳುಗಳೇ ಬೇಕು.

ಗ್ಲೂಕೋಸ್ ಏರಿದಾಗ ಆಗುವುದೇನು?

ಗ್ಲೂಕೋಸ್ ಪ್ರಮಾಣ ದೀರ್ಘಕಾಲ ಏರಿದ್ದರೆ ಈ ಕ್ರಮ ಎರಡು ಕಡೆ ತಪ್ಪುತ್ತದೆ. ಮೊದಲನೆಯದಾಗಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗಾಯದ ಸ್ಥಳಕ್ಕೆ ಸರಿಯಾಗಿ ಸಾಗುವುದಿಲ್ಲ. ತಲುಪಿದರೂ ಬ್ಯಾಕ್ಟೀರಿಯಾಗಳನ್ನು ನುಂಗಿ ನಾಶಪಡಿಸುವ ಅವುಗಳ ಶಕ್ತಿ ಕುಂದಿರುತ್ತದೆ. ಎರಡನೆಯದಾಗಿ, ಒಮ್ಮೆ ಆರಂಭವಾದ ಉರಿಯೂತ ಸಕಾಲದಲ್ಲಿ ನಿಲ್ಲುವುದಿಲ್ಲ. ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳು ಸ್ರವಿಸುತ್ತಲೇ ಇದ್ದು, ದುರಸ್ತಿಯ ಹಂತ ಮುಂದಕ್ಕೆ ಹೋಗುತ್ತದೆ. ಹೀಗಾಗಿ ರಕ್ಷಣೆ ದುರ್ಬಲವಾಗಿಯೂ ಉರಿಯೂತ ದೀರ್ಘವಾಗಿಯೂ ಪರಿಣಮಿಸುತ್ತದೆ.

ಇದರ ಜೊತೆಗೆ ಗ್ಲೂಕೋಸ್ ದೇಹದ ಪ್ರೋಟೀನುಗಳಿಗೆ ಅಂಟಿಕೊಂಡು ಹಾನಿಕರ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಗಾಯವನ್ನು ಬೆಸೆಯಬೇಕಾದ ಕೊಲಾಜೆನ್ ಇದರಿಂದ ಗಡುಸಾಗುತ್ತದೆ. ಸೂಕ್ಷ್ಮ ರಕ್ತನಾಳಗಳು ಕೆಟ್ಟು ಆಮ್ಲಜನಕದ ಪೂರೈಕೆ ಕಡಿಮೆಯಾಗುತ್ತದೆ. ಬಾಯಿ ಒಣಗುವ ತೊಂದರೆಯಿದ್ದರೆ ಜೊಲ್ಲುರಸದ ರಕ್ಷಣೆಯೂ ತಪ್ಪುತ್ತದೆ.

ಎರಡು ದಿಕ್ಕಿನ ನಂಟು

ಅಮೆರಿಕದಲ್ಲಿ ದಂತ ಸಂಶೋಧನೆಯ ನೇತೃತ್ವ ವಹಿಸಿದ್ದ ನಾರ್ವೆ ಮೂಲದ ವಿಜ್ಞಾನಿ ಹರಾಲ್ಡ್ ಲೋ 1993ರಲ್ಲಿ ವಸಡಿನ ರೋಗವನ್ನು ಮಧುಮೇಹದ 'ಆರನೆಯ ತೊಡಕು' ಎಂದು ಕರೆದರು. ಕಣ್ಣು, ಮೂತ್ರಪಿಂಡ, ನರಗಳ ಸಾಲಿನಲ್ಲಿ ಬಾಯಿಗೂ ಸ್ಥಾನ ದೊರೆತದ್ದು ಹೀಗೆ. ಈ ನಂಟು ಹಿಮ್ಮುಖವಾಗಿಯೂ ಇದೆ. ಬಾಯಿಯ ಸೋಂಕು ಇನ್ಸುಲಿನ್‌ನ ಪರಿಣಾಮವನ್ನು ತಗ್ಗಿಸಿ ಗ್ಲೂಕೋಸ್ ಏರಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ವಸಡಿನ ರೋಗಕ್ಕೆ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ 3-4 ತಿಂಗಳ ನಂತರ ಎಚ್‌ಬಿಎ1ಸಿ ಪ್ರಮಾಣ ಸರಾಸರಿ ಶೇ. 0.4ರಷ್ಟು ಅಂಶ ಇಳಿದಿತ್ತು.

ಆದ್ದರಿಂದ ಸಕ್ಕರೆ ಇಳಿಯಲಿ, ಆಮೇಲೆ ನೋಡೋಣ ಎಂಬ ಮಾತು ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ಇಂಪ್ಲಾಂಟ್‌ನಂತಹ ತುರ್ತಲ್ಲದ ಚಿಕಿತ್ಸೆಯನ್ನು ಗ್ಲೂಕೋಸ್ ಹತೋಟಿಗೆ ಬರುವವರೆಗೆ ಮುಂದೂಡುವುದು ವಿವೇಕ. ಆದರೆ ಕೀವು ತುಂಬಿ ಮುಖ ಊದಿಕೊಂಡಿರುವಾಗ ಕಾಯುವುದು ಅಪಾಯಕರ. ಕೀವನ್ನು ಹೊರತೆಗೆದು ಸೋಂಕಿನ ಮೂಲ ನಿವಾರಿಸಿದ ನಂತರವೇ ಎಷ್ಟೋ ರೋಗಿಗಳಲ್ಲಿ ಗ್ಲೂಕೋಸ್ ಹತೋಟಿಗೆ ಬರುತ್ತದೆ.

ಚಿಕಿತ್ಸೆಗೆ ಮುನ್ನ

* ಕಳೆದ 2-3 ತಿಂಗಳ ಸರಾಸರಿ ಹತೋಟಿಯನ್ನು ತಿಳಿಸುವ ಎಚ್‌ಬಿಎ1ಸಿ ವರದಿಯನ್ನು ಒಯ್ಯಬೇಕು. ಆ ದಿನದ ಗ್ಲೂಕೋಸ್ ಪರೀಕ್ಷೆಯೊಂದೇ ಸಾಲದು.
* ಸೇವಿಸುತ್ತಿರುವ ಎಲ್ಲ ಔಷಧಿಗಳ ಹೆಸರನ್ನು ದಂತವೈದ್ಯರಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
* ಪೂರ್ಣ ಅರಿವಳಿಕೆಗಾಗಿ ಉಪವಾಸವಿರಬೇಕಾದಾಗ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸೇವಿಸುವವರು ಮಧುಮೇಹ ತಜ್ಞರನ್ನು ಮೊದಲೇ ಕಾಣಬೇಕು. ಇವುಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲಾಗುತ್ತದೆ. ಇಲ್ಲವಾದರೆ ಗ್ಲೂಕೋಸ್ ಹೆಚ್ಚು ಏರದೆಯೇ ಕೀಟೋಅಸಿಡೋಸಿಸ್ ಉಂಟಾಗುವ ಸಂಭವವಿದೆ.
* ವಸಡಿಗೆ ಮಾತ್ರ ಅರಿವಳಿಕೆ ನೀಡುವ ಚಿಕಿತ್ಸೆಗೆ ಉಪವಾಸ ಬೇಕಿಲ್ಲ. ಬೆಳಗಿನ ತಿಂಡಿ, ಎಂದಿನ ಔಷಧಿ ಮುಗಿಸಿ ಹೋಗುವುದೇ ಸರಿ.

ಮನೆಗೆ ಬಂದ ಮೇಲೆ

ಮೊದಲ ಕೆಲವು ದಿನ ಎದುರಾಗುವ ಅಪಾಯ ಗ್ಲೂಕೋಸ್ ಏರುವುದಷ್ಟೇ ಅಲ್ಲ, ಇಳಿಯುವುದೂ ಹೌದು. ನೋವು ಮತ್ತು ಸೋಂಕು ಗ್ಲೂಕೋಸ್ ಏರಿಸುತ್ತವೆ. ಊತ ತಗ್ಗಿಸಲು ನೀಡುವ ಡೆಕ್ಸಾಮೆಥಸೋನ್‌ನಂತಹ ಸ್ಟೀರಾಯ್ಡ್ ಕೂಡ ಏರಿಸುತ್ತದೆ. ಇನ್ನೊಂದೆಡೆ, ಅಗಿಯಲಾಗದೆ ಊಟ ಬಿಟ್ಟು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡರೆ ಗ್ಲೂಕೋಸ್ ಕುಸಿಯುತ್ತದೆ. ಬೆವರು, ನಡುಕ, ತಲೆಸುತ್ತು ಕಂಡು ಪ್ರಮಾಣ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 3 ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.

ಹಲ್ಲು ಕೀಳಿಸಿದವರಿಗೆ ಐಸ್‌ಕ್ರೀಂ ತಿನ್ನಿಸುವ ವಾಡಿಕೆಯುಂಟು. ಮಧುಮೇಹಿಗಳಿಗೆ ತಣ್ಣನೆಯ ಮಜ್ಜಿಗೆ, ಮೊಸರು, ಆರಿಸಿದ ರಾಗಿ ಗಂಜಿ, ಮೆದುವಾದ ಬೇಳೆ-ಅನ್ನ ಲೇಸು. ಮೊದಲ ದಿನ ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒತ್ತಬಹುದು. ಬಿಸಿ ಶಾಖ ಕೊಡಬಾರದು. ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಸ್ಟ್ರಾದಲ್ಲಿ ಹೀರುವುದು ಹೆಪ್ಪುಗಟ್ಟಿದ ರಕ್ತವನ್ನು ಕಿತ್ತುಹಾಕುತ್ತವೆ. 24 ಗಂಟೆಗಳ ನಂತರ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೃದುವಾಗಿ ಮುಕ್ಕಳಿಸಬಹುದು. ಗುಳಿಗೆ ಲವಂಗ, ಅರಿಸಿನ, ಹೊಗೆಸೊಪ್ಪು ತುಂಬುವುದು ತರವಲ್ಲ. ಬೀಡಿ, ಸಿಗರೇಟು, ಗುಟ್ಕಾ ಗಾಯ ಮಾಯುವುದನ್ನು ತಡೆಯುತ್ತವೆ.

ಮಧುಮೇಹವಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಆಂಟಿಬಯಾಟಿಕ್ ಬೇಕಿಲ್ಲ. ಕೊಟ್ಟಿದ್ದರೆ ಅರ್ಧಕ್ಕೆ ನಿಲ್ಲಿಸಬಾರದು. ಮೂತ್ರಪಿಂಡದ ತೊಂದರೆಯಿರುವವರು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಕಾಯಬಾರದ ಲಕ್ಷಣಗಳು

ಸಹಜ ಊತ ಮೂರನೆಯ ದಿನದ ನಂತರ ಇಳಿಯುತ್ತಾ ಹೋಗಬೇಕು. ಅದು ಏರುತ್ತಿದ್ದರೆ, ಜ್ವರ, ಕೀವು, ದುರ್ವಾಸನೆ ಇದ್ದರೆ, ಗ್ಲೂಕೋಸ್ ಕಾರಣವಿಲ್ಲದೆ ಹೆಚ್ಚುತ್ತಿದ್ದರೆ ಸೋಂಕು ತಗುಲಿರುವ ಸಾಧ್ಯತೆಯಿದೆ. ಇಳಿದ ನೋವು 2-4ನೆಯ ದಿನ ಮತ್ತೆ ತೀವ್ರವಾದರೆ ಹೆಪ್ಪುಗಟ್ಟಿದ ರಕ್ತ ಕಳಚಿ ಮೂಳೆ ತೆರೆದುಕೊಂಡಿರಬಹುದು. ಇವೆರಡಕ್ಕೂ ಅದೇ ದಿನ ದಂತವೈದ್ಯರನ್ನು ಕಾಣಬೇಕು.

ಗದ್ದದ ಕೆಳಗೆ, ಕುತ್ತಿಗೆಯತ್ತ ಹರಡುವ ಗಟ್ಟಿ ಊತ, ನಾಲಿಗೆ ಮೇಲಕ್ಕೇಳುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು ತುರ್ತು ಸ್ಥಿತಿ. ಇಂತಹ ರೋಗಿಯನ್ನು ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯಲ್ಲಿ ಕರ್ನಾಟಕವನ್ನೂ ಕಾಡಿದ ಕಪ್ಪು ಶಿಲೀಂಧ್ರ ಸೋಂಕಿಗೆ ಹತೋಟಿಯಿಲ್ಲದ ಮಧುಮೇಹವೇ ಪ್ರಮುಖ ಕಾರಣಗಳಲ್ಲೊಂದಾಗಿತ್ತು. ಅಪರೂಪವಾದರೂ ಹಲ್ಲು ಕಿತ್ತ ಗಾಯದಿಂದಲೂ ಅದು ಆರಂಭವಾಗಬಹುದು. ಅಂಗುಳಿನಲ್ಲಿ ಕಪ್ಪು ಕಲೆ, ಮೇಲ್ದವಡೆಯ ಹಲ್ಲುಗಳು ಅಲುಗಾಡುವುದು, ಮುಖದ ಒಂದು ಪಾರ್ಶ್ವ ಜೋಮು ಹಿಡಿಯುವುದು ಅದರ ಸೂಚನೆಗಳು.

ಎಲ್ಲವೂ ಸರಿಯಾಗಿದ್ದರೂ ಒಂದು ವಾರದ ನಂತರ ಮರುತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ನೋವು ನಿಂತಿತೆಂದು ಅದನ್ನು ತಪ್ಪಿಸಬಾರದು. ಮಧುಮೇಹದಿಂದ ನರಗಳು ದುರ್ಬಲವಾಗಿರುವವರಲ್ಲಿ ನೋವಿಲ್ಲದಿರುವುದೇ ಗುಣವಾದುದಕ್ಕೆ ಸಾಕ್ಷಿಯಲ್ಲ.