ಕಲ್ಪನೆಯೆಂಬ ಸಾಮಾಜಿಕ ದುಡಿಮೆ

ಕಲ್ಪನೆ ಎಂದರೆ ಕವಿಗೆ ಒಲಿದದ್ದು, ಮಕ್ಕಳಿಗೆ ಸಹಜವಾದದ್ದು, ಉಳಿದವರಿಗೆ ಬಿಡುವಿನ ಹೊತ್ತಿನ ಹಗಲುಗನಸು. ಈ ಎಣಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಳೆದ ನೂರು ವರ್ಷಗಳಲ್ಲಿ ಮಾನವಶಾಸ್ತ್ರ ಇದನ್ನು ಹಂತಹಂತವಾಗಿ ಬದಲಿಸುತ್ತ ಬಂದಿದೆ. ಉಳುಮೆ, ನೇಯ್ಗೆಗಳಂತೆ ಕಲ್ಪನೆಯೂ ಜನ ಕೂಡಿ ಮಾಡುವ ಕೆಲಸ. ಅದಕ್ಕೆ ಸಾಮಗ್ರಿ ಬೇಕು, ರೂಢಿ ಬೇಕು, ಜೊತೆಗಾರರು ಬೇಕು. ಆದ್ದರಿಂದಲೇ ಅದು ಎಲ್ಲರಿಗೂ ಸಮನಾಗಿ ದಕ್ಕುವುದಿಲ್ಲ. ಈ ಅರಿವಿಗೆ ಶಾಸ್ತ್ರ ಬಂದು ತಲುಪಿದ ದಾರಿಯ ಸಮೀಕ್ಷೆ ಇದು.

ಮೊದಲ ಹೆಜ್ಜೆ ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್‌ನದು. ಧಾರ್ಮಿಕ ಜೀವನದ ಮೂಲರೂಪಗಳನ್ನು ಕುರಿತ 1912ರ ಗ್ರಂಥದಲ್ಲಿ ಆತ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಲಲಾಂಛನಗಳನ್ನು ಪರಿಶೀಲಿಸಿದ. ಜನ ಒಂದೆಡೆ ನೆರೆದಾಗ ಉಕ್ಕುವ ಆವೇಶವೇ ಪ್ರಾಣಿ, ಸಸ್ಯಗಳ ಲಾಂಛನದಲ್ಲಿ ರೂಪ ತಾಳುತ್ತದೆ, ಸಮಾಜ ಅಲ್ಲಿ ತನ್ನ ಚಿತ್ರವನ್ನೇ ಪೂಜಿಸಿಕೊಳ್ಳುತ್ತದೆ ಎಂಬುದು ಅವನ ವಾದ. ಕಲ್ಪನೆ ಸಾಮೂಹಿಕವೆಂದು ಇದರಿಂದ ಸ್ಥಾಪಿತವಾಯಿತು. ಆದರೆ ಈ ಚಿತ್ರದಲ್ಲಿ ವ್ಯಕ್ತಿಗಳು ಬಹುಮಟ್ಟಿಗೆ ಸಮಾಜ ಕೊಟ್ಟದ್ದನ್ನು ಪಡೆಯುವವರಾಗಿಯೇ ಉಳಿದರು.

ಆ ಕೊರತೆಯನ್ನು ತುಂಬಿದವರಲ್ಲಿ ವಿಕ್ಟರ್ ಟರ್ನರ್ ಮುಖ್ಯ. 1950ರ ದಶಕದಲ್ಲಿ ಇಂದಿನ ಜಾಂಬಿಯಾದ ಎನ್‌ಡೆಂಬು ಜನರ ನಡುವೆ ಅವನು ಕ್ಷೇತ್ರಕಾರ್ಯ ಮಾಡಿದ. ದೀಕ್ಷೆಯ ಆಚರಣೆಯಲ್ಲಿ ಹುಡುಗರು ಊರಿನಿಂದ ಬೇರೆಯಾಗಿ, ಬಾಲ್ಯಕ್ಕೂ ಸೇರದೆ ಪ್ರೌಢಿಮೆಗೂ ಸೇರದೆ ಕೆಲಕಾಲ ಹೊಸ್ತಿಲ ಮೇಲಿರುತ್ತಾರೆ. ಇಂಥ ಹೊಸ್ತಿಲ ಕಾಲದಲ್ಲಿ ಅವರ ಮುಂದೆ ಬರುವ ವಿಕಾರ ಮುಖವಾಡಗಳ ಬಗ್ಗೆ ಟರ್ನರ್ ಹೊಸ ಮಾತು ಹೇಳಿದ. ಒಂದು ಅಂಗವನ್ನು ಅಳತೆಮೀರಿ ಹಿಗ್ಗಿಸಿ, ಮನುಷ್ಯನನ್ನೂ ಪ್ರಾಣಿಯನ್ನೂ ಬೆರೆಸಿ ತೋರಿಸಿದಾಗ, ಇದುವರೆಗೆ ಸಹಜವೆಂದುಕೊಂಡಿದ್ದನ್ನು ಹುಡುಗರು ಬಿಡಿಸಿ ನೋಡಿ ಯೋಚಿಸತೊಡಗುತ್ತಾರೆ. ಆಚರಣೆ ಹಳೆಯದನ್ನು ಒಪ್ಪಿಸುವ ಪಾಠವಾಗಿರುವಾಗಲೂ ‘ಬೇರೆ ರೀತಿ ಇದ್ದಿದ್ದರೆ?’ ಎಂಬ ಪ್ರಶ್ನೆಗೆ ಎಡೆ ಕೊಡುತ್ತದೆ.

1983ರಲ್ಲಿ ಬೆನೆಡಿಕ್ಟ್ ಆಂಡರ್ಸನ್‌ನ ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ ಬಂದ ಮೇಲೆ ಚರ್ಚೆ ಆಚರಣೆಯ ಬಯಲಿನಿಂದ ಅಚ್ಚಿನ ಮನೆಗೆ ಸರಿಯಿತು. ಆಂಡರ್ಸನ್ ಇಂಡೋನೇಷ್ಯಾವನ್ನು ಬಲ್ಲ ರಾಜ್ಯಶಾಸ್ತ್ರಜ್ಞ. ಆದರೂ ಮಾನವಶಾಸ್ತ್ರದ ಮೇಲೆ ಆ ಪುಸ್ತಕ ಬೀರಿದ ಪ್ರಭಾವ ದೊಡ್ಡದು. ಎಂದೂ ಮುಖ ನೋಡದ ಲಕ್ಷಾಂತರ ಜನ ತಾವೆಲ್ಲ ಒಂದು ಎಂದು ಭಾವಿಸುವುದು ಹೇಗೆ? ಒಂದೇ ಬೆಳಗ್ಗೆ ಒಂದೇ ಪತ್ರಿಕೆಯನ್ನು ಓದುವ ರೂಢಿ, ಕಾದಂಬರಿಯ ಕಾಲಪ್ರಜ್ಞೆ, ಅಚ್ಚಿನಲ್ಲಿ ನೆಲೆಗೊಂಡ ದೇಶಭಾಷೆ ಇವು ಅವನ ಉತ್ತರ. 1991ರ ಆವೃತ್ತಿಯಲ್ಲಿ ಜನಗಣತಿ, ನಕ್ಷೆ, ವಸ್ತುಸಂಗ್ರಹಾಲಯಗಳನ್ನೂ ಸೇರಿಸಿದ. ಕಲ್ಪಿತ ಎಂದರೆ ಸುಳ್ಳು ಎಂದಲ್ಲ ಎಂಬುದನ್ನೂ ಅವನು ಒತ್ತಿ ಹೇಳಿದ.

ಕನ್ನಡಿಗರಿಗೆ ಇದು ದೂರದ ಸಿದ್ಧಾಂತವಲ್ಲ. ಕನ್ನಡ ಮಾತಾಡುವ ಪ್ರದೇಶಗಳು ಮುಂಬಯಿ, ಮದ್ರಾಸು ಪ್ರಾಂತಗಳಲ್ಲಿ, ಹೈದರಾಬಾದು, ಮೈಸೂರು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹರಿದು ಹಂಚಿಹೋಗಿದ್ದಾಗ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ನಕ್ಷೆಯಲ್ಲಿಲ್ಲದ ನಾಡು ಪುಸ್ತಕ, ಪತ್ರಿಕೆ, ಸಮ್ಮೇಳನಗಳಲ್ಲಿ ಮೊದಲು ಮೂಡಿತು. 1956ರ ಏಕೀಕರಣ ಆಮೇಲಿನದು.

ಆಂಡರ್ಸನ್‌ನಿಗೆ ಅತ್ಯಂತ ಗಂಭೀರ ಸವಾಲು ಹಾಕಿದ್ದು ಪಾರ್ಥ ಚಟರ್ಜಿ. ರಾಷ್ಟ್ರದ ಮಾದರಿಗಳೆಲ್ಲ ಯುರೋಪು, ಅಮೆರಿಕಗಳಲ್ಲಿ ಮೊದಲೇ ಸಿದ್ಧವಾಗಿದ್ದರೆ ವಸಾಹತುಗಳಿಗೆ ಕಲ್ಪಿಸಲು ಉಳಿಯುವುದೇನು ಎಂದು ಅವರು ಕೇಳಿದರು. ಬಂಗಾಳದ ಭಾಷೆ, ಕುಟುಂಬ, ರಂಗಭೂಮಿಗಳ ಒಳವಲಯದಲ್ಲಿ ಆಡಳಿತದ ಕೈಗೆ ಸಿಗದ ಸ್ವಂತ ಕಲ್ಪನೆ ರೂಪುಗೊಂಡ ಬಗೆಯನ್ನು 1993ರ ಕೃತಿಯಲ್ಲಿ ತೋರಿಸಿದರು.

‘ಕಲ್ಪನೆ ಒಂದು ಸಾಮಾಜಿಕ ಆಚರಣೆ’ ಎಂದು ನೇರವಾಗಿ ಘೋಷಿಸಿದ್ದು ಮುಂಬಯಿಯಲ್ಲಿ ಹುಟ್ಟಿದ ಅರ್ಜುನ್ ಅಪ್ಪಾದುರೈ, 1990ರ ಪ್ರಬಂಧವೊಂದರಲ್ಲಿ. ಜನ, ಮಾಧ್ಯಮ, ತಂತ್ರಜ್ಞಾನ, ಹಣ, ವಿಚಾರ ಈ ಐದು ಹರಿವುಗಳು ಒಂದಕ್ಕೊಂದು ತಾಳೆಯಾಗದೆ ಜಗತ್ತಿನಲ್ಲಿ ಚಲಿಸುತ್ತಿವೆ. ವಲಸೆ ಮತ್ತು ವಿದ್ಯುನ್ಮಾನ ಮಾಧ್ಯಮ ಎರಡೂ ಸೇರಿ ಸಾಮಾನ್ಯರ ದಿನನಿತ್ಯದ ಬದುಕಿಗೆ ಕಲ್ಪನೆಯನ್ನು ಇಳಿಸಿವೆ ಎಂದು ಅವರು ವಾದಿಸಿದರು. ಎಲ್ಲಿಗೆ ಹೋಗಬೇಕು, ಯಾರನ್ನು ಮದುವೆಯಾಗಬೇಕು, ಮಕ್ಕಳು ಏನಾಗಬೇಕು ಎಂಬುದನ್ನು ಜನ ಈಗ ದೂರದ ಬದುಕುಗಳನ್ನು ಕಣ್ಣಮುಂದಿಟ್ಟುಕೊಂಡು ನಿರ್ಧರಿಸುತ್ತಾರೆ.

ಈ ಮಾತಿಗೆ ಕ್ಷೇತ್ರಕಾರ್ಯದ ಬಲ ಕೊಟ್ಟ ಅಧ್ಯಯನಗಳಲ್ಲಿ ಬ್ರಯನ್ ಲಾರ್ಕಿನ್‌ನ 1997ರ ಪ್ರಬಂಧ ಎದ್ದು ಕಾಣುತ್ತದೆ. ಉತ್ತರ ನೈಜೀರಿಯಾದ ಕಾನೋ ನಗರದ ಹೌಸಾ ಮುಸ್ಲಿಮರು ದಶಕಗಳಿಂದ ಹಿಂದಿ ಸಿನಿಮಾಗಳನ್ನು ಮೆಚ್ಚಿ ನೋಡುತ್ತಿದ್ದರು. ಭಾಷೆ ಬಾರದಿದ್ದರೂ ಹಿರಿಯರ ಮಾತಿಗೂ ಪ್ರೇಮಕ್ಕೂ ನಡುವಿನ ಸಂಕಟ, ಬಂಧುಗಳ ಮರ್ಯಾದೆ, ಮೈತುಂಬ ಬಟ್ಟೆ ಅವರಿಗೆ ತಮ್ಮವೇ ಅನಿಸಿದವು. ಪಶ್ಚಿಮವನ್ನು ಅನುಸರಿಸದೆಯೂ ಆಧುನಿಕರಾಗಬಹುದೆಂಬ ದಾರಿ ಅಲ್ಲಿ ಕಂಡಿತು. ಯುವ ಲೇಖಕರು ‘ಸೊಯಯ್ಯಾ’ ಎಂಬ ಅಗ್ಗದ ಪ್ರೇಮಕಥೆಗಳನ್ನು ಬರೆದು ಮಾರುಕಟ್ಟೆಗೆ ತಂದರು; ಅವುಗಳ ಸುತ್ತ ಮದುವೆ, ನೀತಿಗಳ ಬಗ್ಗೆ ಊರೆಲ್ಲ ವಾದವೆದ್ದಿತು. ಪರದೆಯ ಮೇಲಿನದು ಓದಾಗಿ, ಜಗಳವಾಗಿ, ಆಯ್ಕೆಯಾಗಿ ಬದಲಾದದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಲ್ಪಿಸಿದ್ದೆಲ್ಲ ಕೈಗೂಡುವುದಿಲ್ಲ. ಜಾಂಬಿಯಾದ ತಾಮ್ರದ ಗಣಿಪಟ್ಟಣಗಳನ್ನು ಕುರಿತ ಜೇಮ್ಸ್ ಫರ್ಗುಸನ್‌ನ 1999ರ ಪುಸ್ತಕ ಈ ನೋವಿನ ದಾಖಲೆ. 1970ರ ದಶಕದ ನಡುವಿನಿಂದ ತಾಮ್ರದ ಬೆಲೆ ಕುಸಿದಾಗ, ತಾವು ಆಧುನಿಕ ಜಗತ್ತಿನ ಸಮಾನ ಪಾಲುದಾರರಾಗುತ್ತೇವೆಂದು ನಂಬಿದ್ದ ಕಾರ್ಮಿಕರು ಕೂಲಿಯ ಜೊತೆಗೆ ಆ ಭವಿಷ್ಯವನ್ನೂ ಕಳೆದುಕೊಂಡರು.

ಹೊಸ ಶತಮಾನದಲ್ಲಿ ಸಾಮಾಜಿಕ ಕಲ್ಪನೆಯೆಂಬ ಪರಿಕಲ್ಪನೆಯೇ ವಿಮರ್ಶೆಗೆ ಒಳಗಾಯಿತು. ಚಾರ್ಲ್ಸ್ ಟೇಲರ್ 2004ರಲ್ಲಿ ಆಧುನಿಕ ಸಮಾಜಗಳು ಹಂಚಿಕೊಂಡ ಕಲ್ಪನೆಗಳ ಬಗ್ಗೆ ಬರೆದರೆ, ಕಲ್ಪಿಸುವವರು ಸಮಾಜಗಳಲ್ಲ, ಮನುಷ್ಯರು ಎಂದು ಕ್ಲಾಡಿಯಾ ಸ್ಟ್ರಾಸ್ 2006ರಲ್ಲಿ ಎಚ್ಚರಿಸಿದಳು. 2009ರಲ್ಲಿ ಡೇವಿಡ್ ಸ್ನೀತ್, ಮಾರ್ಟಿನ್ ಹೋಲ್‌ಬ್ರಾಡ್, ಮಾರ್ಟೆನ್ ಪೆಡರ್ಸನ್ ‘ಕಲ್ಪನೆಯ ತಂತ್ರಗಳು’ ಎಂಬ ಹೆಸರಿನಲ್ಲಿ ಪ್ರಶ್ನೆಯನ್ನು ತಿರುಗಿಸಿದರು: ಯಾವ ವಸ್ತು, ಯಾವ ವಿಧಿ ಕಲ್ಪನೆಯನ್ನು ಎಬ್ಬಿಸುತ್ತದೆ? ಮಂಗೋಲಿಯಾದಲ್ಲಿ ಹೆಗಲೆಲುಬು ಸುಟ್ಟು ಶಕುನ ನೋಡುವುದನ್ನೂ ಸೋವಿಯತ್ ಕಾಲದ ವಿದ್ಯುದ್ದೀಪವನ್ನೂ ಸ್ನೀತ್ ಒಟ್ಟಿಗೆ ಇಟ್ಟು ನೋಡಿದ್ದು ಈ ದೃಷ್ಟಿಯಿಂದ.

ನನಗೆ ಅತಿ ಮುಖ್ಯವೆನಿಸುವುದು ಅಪ್ಪಾದುರೈ 2004ರಲ್ಲಿ ಮಂಡಿಸಿದ ‘ಆಶಿಸುವ ಸಾಮರ್ಥ್ಯ’ದ ವಿಚಾರ. ಉಳ್ಳವರಿಗೆ ಪ್ರಯತ್ನಿಸಿ ಸೋತು ಮತ್ತೆ ಪ್ರಯತ್ನಿಸುವ ಅವಕಾಶ ಹೆಚ್ಚು. ಹಾಗಾಗಿ ಭವಿಷ್ಯದ ದಾರಿಗಳ ಪರಿಚಯವೂ ಹೆಚ್ಚು. ಬಡವರಲ್ಲಿ ಆಸೆಗೆ ಬರವಿಲ್ಲ, ಆ ಅಭ್ಯಾಸಕ್ಕೆ ಅವಕಾಶ ಕಡಿಮೆ. ಮುಂಬಯಿಯ ಸ್ಪಾರ್ಕ್, ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ, ಮಹಿಳಾ ಮಿಲನ್ ಎಂಬ ಸಂಘಟನೆಗಳು ಸೇರಿ ನಡೆಸಿದ ವಸತಿ ಪ್ರದರ್ಶನಗಳನ್ನು ಅವರು ಗಮನಿಸಿದ್ದರು. ಅಲ್ಲಿ ಪೂರ್ಣ ಅಳತೆಯ ಮಾದರಿ ಮನೆಗಳನ್ನು ನಿಲ್ಲಿಸಿ, ಒಳಹೊಕ್ಕು, ಜಾಗ, ಖರ್ಚುಗಳನ್ನು ಜನರೇ ಚರ್ಚಿಸುತ್ತಾರೆ. ತಮ್ಮ ವಸತಿಗಳ ಗಣತಿಯನ್ನು ತಾವೇ ಮಾಡಿ ಅಧಿಕಾರಿಗಳ ಮುಂದಿಡುತ್ತಾರೆ. ಆಂಡರ್ಸನ್ ಪ್ರಭುತ್ವದ ಕೈಯಲ್ಲಿ ಕಂಡಿದ್ದ ಗಣತಿ ಇಲ್ಲಿ ಪ್ರಜೆಗಳ ಸಾಧನವಾಗಿದೆ.

ಶತಮಾನದ ಈ ಹಾದಿ ಕಲ್ಪನೆಯನ್ನು ಮನಸ್ಸಿನ ಒಳಕೋಣೆಯಿಂದ ಬೀದಿಗೆ, ಚಿತ್ರಮಂದಿರಕ್ಕೆ, ಕೊಳೆಗೇರಿಯ ಸಭೆಗೆ ತಂದಿದೆ. ಇನ್ನು ಮುಂದೆ ಅಧ್ಯಯನಕಾರರು ಜನ ಏನನ್ನು ಕಲ್ಪಿಸುತ್ತಾರೆ ಎಂದು ಬರೆದುಕೊಂಡರೆ ಸಾಲದು. ಯಾವ ಸಾಧನದಿಂದ, ಯಾರ ಜೊತೆ, ಎಷ್ಟು ಸಲ ಸೋಲಲು ಅವಕಾಶವಿಟ್ಟುಕೊಂಡು ಕಲ್ಪಿಸುತ್ತಾರೆ ಎಂಬುದನ್ನೂ ಕೇಳಬೇಕು. ನೀರು, ಸೂರು, ಶಾಲೆಗಳ ಹಂಚಿಕೆಯಂತೆ ನಾಳೆಯನ್ನು ಊಹಿಸುವ ಅವಕಾಶದ ಹಂಚಿಕೆಯೂ ನ್ಯಾಯದ ವಿಷಯವೆಂದು ಒಪ್ಪಿದರೆ ಮಾತ್ರ ಈ ಶಾಸ್ತ್ರದ ಅರಿವು ಜನರ ಉಪಯೋಗಕ್ಕೆ ಬರುತ್ತದೆ.