‘ನಾಗರಿಕ’ ಎಂಬ ಮಾತಿನ ಹಿನ್ನೆಲೆ

ನಡೆನುಡಿಗಳಲ್ಲಿ ಒರಟಾದವನನ್ನು ‘ಅನಾಗರಿಕ’ನೆಂದು ಕರೆಯುವುದು ವಿದ್ಯಾವಂತರಲ್ಲಿ ರೂಢಿಯಾಗಿದೆ. ಹಾಗೆ ಕರೆಯುವವರು ತಾವು ಒಂದು ಗುಣದೋಷವನ್ನು ಕುರಿತು ಮಾತನಾಡುತ್ತಿರುವುದಾಗಿ ಭಾವಿಸುತ್ತಾರೆ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಅದು ಹೇಳುವುದು ‘ನಗರದವನಲ್ಲ’ ಎಂದಷ್ಟೆ. ವಾಸದ ಹೆಸರು ಗುಣದ ಹೆಸರಾದುದು ಹೇಗೆ? ಹಳ್ಳಿಯಲ್ಲಿ ಹುಟ್ಟಿ ಬೆಳೆದವನು ಆ ಒಂದೇ ಕಾರಣದಿಂದ ಈ ಗುಣಕ್ಕೆ ಹೊರಗಾಗಬೇಕೆ? ಪ್ರಕೃತ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಶಬ್ದದ ಜಾಡನ್ನು ಹಿಡಿಯೋಣ.

ಅಮರಕೋಶದ ಪುರವರ್ಗದಲ್ಲಿ ಪುರಿ, ಪತ್ತನ, ಪುಟಭೇದನ, ಸ್ಥಾನೀಯ, ನಿಗಮ ಎಂಬ ಹೆಸರುಗಳ ಜೊತೆಗೆ ‘ನಗರಿ’ಯೂ ಬರುತ್ತದೆ. ವೈಯಾಕರಣರು ‘ನಗ’ ಎಂದರೆ ಬೆಟ್ಟ ಎಂಬ ಶಬ್ದಕ್ಕೆ ‘ರ’ ಪ್ರತ್ಯಯವನ್ನು ಹಚ್ಚಿ ‘ನಗರ’ವನ್ನು ಸಾಧಿಸುತ್ತಾರೆ. ಬೆಟ್ಟಗಳಂತೆ ಎತ್ತರವಾದ ಸೌಧಗಳು ಎಲ್ಲಿವೆಯೋ ಅದು ನಗರ ಎಂಬುದು ಸಂಪ್ರದಾಯದ ವಿವರಣೆ. ಇದರಿಂದ ಹುಟ್ಟಿದ ‘ನಾಗರ’ ಶಬ್ದವು ಲಿಪಿಗೂ ದೇಗುಲದ ಶೈಲಿಗೂ, ವಿಚಿತ್ರವೆಂದರೆ ಒಣಶುಂಠಿಗೂ ಹೆಸರಾಗಿದೆ. ನಮ್ಮ ನಾಗರಹಾವು ಮಾತ್ರ ಈ ವಂಶದ್ದಲ್ಲ. ಅದು ‘ನಾಗ’ನಿಂದ ಬಂದುದು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಪಾಣಿನಿಯು ತೋರುವ ದಾರಿ. ನಗರದಲ್ಲಿರುವವನನ್ನು ಸುಮ್ಮನೆ ಹೇಳುವಾಗ ‘ನಾಗರ’ ಎಂದರೆ ಸಾಕು. ಆದರೆ ‘ನಾಗರಕ’ ಎಂಬ ರೂಪವನ್ನು ಅವನು ಎರಡೇ ಅರ್ಥಗಳಿಗೆ ಮೀಸಲಿಡುತ್ತಾನೆ. ಒಂದು ಕುತ್ಸನ, ಎಂದರೆ ನಿಂದೆ, ಇನ್ನೊಂದು ಪ್ರಾವೀಣ್ಯ. ಕಾಶಿಕಾವೃತ್ತಿಯು ಇದಕ್ಕೆ ಕೊಡುವ ಉದಾಹರಣೆಗಳು ಮನೋಹರವಾಗಿವೆ. ದಾರಿಹೋಕನನ್ನು ದೋಚಿದವರು ಯಾರೆಂದು ಕೇಳಿದರೆ, ಇದು ನಾಗರಕನ ಕೆಲಸವೇ ಇರಬೇಕು, ಏಕೆಂದರೆ ನಾಗರಕರು ಕಳ್ಳರು ಎಂಬ ಉತ್ತರ. ಕಣ್ಣಿಗೂ ಮನಸ್ಸಿಗೂ ಹಬ್ಬವಾಗುವ ಈ ಚಿತ್ರವನ್ನು ಬರೆದವರು ಯಾರೆಂದು ಕೇಳಿದರೆ ಉತ್ತರ ಮತ್ತೆ ನಾಗರಕನೇ. ಏಕೆಂದರೆ ನಾಗರಕರು ಪ್ರವೀಣರು. ಕನ್ನ ಹಾಕುವ ಕೈಚಳಕವೂ ಕುಂಚ ಹಿಡಿಯುವ ಕೈಚಳಕವೂ ಒಂದೇ ಊರಿನಲ್ಲಿ ಬೆಳೆಯುತ್ತವೆಂಬುದನ್ನು ಶಾಸ್ತ್ರಕಾರರು ಬಲ್ಲವರಾಗಿದ್ದರು. ನಗರವಾಸವೊಂದೇ ಸದ್ಗುಣವೆಂಬ ಭ್ರಮೆ ಅವರಿಗಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ನಾಗರಿಕ’ನು ಒಬ್ಬ ಅಧಿಕಾರಿ. ಪಟ್ಟಣಕ್ಕೆ ಬಂದುಹೋಗುವವರ ಲೆಕ್ಕ, ಬೆಂಕಿಯ ಭಯ, ರಾತ್ರಿಯ ಕಾವಲು ಇವೆಲ್ಲ ಅವನ ಹೊಣೆ. ವಾತ್ಸ್ಯಾಯನನ ಕಾಮಸೂತ್ರದ ‘ನಾಗರಕ’ನಾದರೋ ಇಂತಹ ಯಾವ ಹೊಣೆಯೂ ಇಲ್ಲದ ರಸಿಕ. ಅವನ ಮನೆ, ತೋಟ, ಗೂಟಕ್ಕೆ ತೂಗುಹಾಕಿದ ವೀಣೆ, ಚಿತ್ರಫಲಕ, ಪಂಜರದ ಹಕ್ಕಿಗಳು, ಸ್ನಾನ ಮತ್ತು ಲೇಪನಗಳ ವಿಧಿ ಇವುಗಳಿಗಾಗಿ ಒಂದು ಪ್ರಕರಣವೇ ಮೀಸಲಾಗಿದೆ. ಹಳ್ಳಿಯಲ್ಲಿ ವಾಸಿಸುವವನು ತನ್ನವರಿಗೆ ನಾಗರಕರ ನಡೆಯನ್ನು ವರ್ಣಿಸಿ ಅದರಲ್ಲಿ ಆಸಕ್ತಿ ಹುಟ್ಟಿಸಿ ತಾನೂ ಅದನ್ನೇ ಅನುಸರಿಸಬೇಕೆಂದು ವಾತ್ಸ್ಯಾಯನನು ವಿಧಿಸುತ್ತಾನೆ. ನಗರವು ಮಾದರಿ, ಗ್ರಾಮವು ಅದರ ಅನುಕರಣೆ ಎಂಬ ಭಾವನೆ ಇಲ್ಲಿ ಸ್ಪಷ್ಟವಾಗಿ ತಲೆಯೆತ್ತಿದೆ. ಕಾವ್ಯಮೀಮಾಂಸಕರು ‘ಗ್ರಾಮ್ಯ’ವನ್ನು ದೋಷಗಳ ಪಟ್ಟಿಗೆ ಸೇರಿಸಿದುದೂ ಇದೇ ಮನೋಧರ್ಮದಿಂದ. ಕಾಳಿದಾಸನ ಶಾಕುಂತಲದಲ್ಲಿ ಎರಡು ಅರ್ಥಗಳೂ ಉಂಟು: ಬೆಸ್ತನನ್ನು ಉಂಗುರದ ಕಳ್ಳನೆಂದು ಹಿಡಿದು ತರಿಸುವ ರಾಜನ ಮೈದುನನು ಅಧಿಕಾರಿಯಾದ ನಾಗರಿಕ, ಮುನಿದ ಹಂಸಪದಿಕೆಯನ್ನು ಸಂತೈಸಲು ದುಷ್ಯಂತನು ವಿದೂಷಕನಿಗೆ ಹೇಳಿಕೊಡುವುದು ಚತುರೋಕ್ತಿಯ ನಾಗರಿಕ ರೀತಿ.

ಇನ್ನು ಕನ್ನಡ ನಾಡಿಗೆ ಬರೋಣ. ನಮ್ಮ ಶಾಸನಗಳಲ್ಲಿ ‘ನಗರ’, ‘ನಕರ’, ‘ನಖರ’ ಎಂಬ ರೂಪಗಳು ಊರಿಗೆ ಮಾತ್ರವಲ್ಲದೆ ವರ್ತಕರ ಸಮುದಾಯಕ್ಕೂ ಸಲ್ಲುತ್ತವೆ. ‘ನಕರಂಗಳು’ ದಾನ ಕೊಡುತ್ತವೆ, ಸುಂಕ ಬಿಡುತ್ತವೆ, ಧರ್ಮವನ್ನು ಕಾಯಲು ಒಪ್ಪಿಕೊಳ್ಳುತ್ತವೆ. ಇಟ್ಟಿಗೆ ಕಲ್ಲುಗಳ ಊರು ಹೀಗೆ ಮಾತು ಕೊಡಲಾರದು. ಕೂಡಿ ಬಾಳುವ ಜನ ಮಾತ್ರ ಕೊಡಬಲ್ಲರು. ಶ್ರವಣಬೆಳಗೊಳದ ನಗರ ಜಿನಾಲಯವು ಇದಕ್ಕೆ ಒಳ್ಳೆಯ ಸಾಕ್ಷಿ. ಹೊಯ್ಸಳ ವೀರಬಲ್ಲಾಳನ ಮಂತ್ರಿಯೂ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವನು ಅದನ್ನು ಕ್ರಿ.ಶ. 1195ರಲ್ಲಿ ಕಟ್ಟಿಸಿದನು, ಅದನ್ನು ಪಾಲಿಸುವ ಹೊಣೆ ಅಲ್ಲಿಯ ‘ನಗರ’ದ, ಎಂದರೆ ವರ್ತಕ ಸಮೂಹದ ಮೇಲಿದ್ದುದರಿಂದ ಆ ಹೆಸರು. ಬಸದಿಯಿರುವ ಊರು ದೊಡ್ಡ ನಗರವೆಂದು ಇದರ ಅರ್ಥವಲ್ಲ. ಇಂತಹ ಸಮುದಾಯಗಳು ಎತ್ತಿಸಿದ ಶಿವಾಲಯಗಳಿಗೆ ನಗರೇಶ್ವರ, ನಖರೇಶ್ವರ ಎಂಬ ಹೆಸರುಗಳು ಬಂದವು. ಬೆಂಗಳೂರಿನ ನಗರ್ತಪೇಟೆಯಲ್ಲಿ ನಗರೇಶ್ವರನ ಗುಡಿ ಇಂದಿಗೂ ಇದೆ. ಶಿವಾಚಾರ ಮತ್ತು ನಾಮಧಾರಿ ಎಂಬ ಎರಡು ಪಂಗಡಗಳುಳ್ಳ ನಗರ್ತ ವರ್ತಕರ ಹೆಸರಿನಲ್ಲಿಯೂ ‘ನಗರ’ವೇ ಅಡಗಿದೆ.

ಸಂಸ್ಕೃತದ ನಾಗರಕನು ಒಬ್ಬಂಟಿ ರಸಿಕ. ಕನ್ನಡ ಶಾಸನಗಳ ನಗರವು ಹೊಣೆ ಹೊತ್ತ ಸಮೂಹ. ನನಗೆ ಎರಡನೆಯದರ ಮೇಲೆಯೇ ಗೌರವ ಹೆಚ್ಚು. ಇನ್ನೂ ಒಂದು ಮಾತು. ಕ್ರಿ.ಶ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡಿಗರ ಜಾಣ್ಮೆಯನ್ನು ಹೊಗಳುವಾಗ ನಗರದ ಹೆಸರನ್ನೆತ್ತದೆ ‘ನಾಡವರ’ನ್ನು ಹೊಗಳುತ್ತದೆ, ಓದಿ ಕಲಿಯದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಅವರನ್ನು ಕೊಂಡಾಡುತ್ತದೆ. ವಾತ್ಸ್ಯಾಯನನು ಹಳ್ಳಿಗನಿಗೆ ವಿಧಿಸಿದ ಅನುಕರಣೆಯ ಪಾಠ ಅಲ್ಲಿಲ್ಲ.

‘ನಾಗರಿಕತೆ’ಯನ್ನು ಒಂದು ಜನಾಂಗದ ಸಮಗ್ರ ಉನ್ನತಿಗೆ ಹೆಸರಾಗಿ ಬಳಸುವುದು ಆಧುನಿಕ ಕಾಲದ ಕೆಲಸ. ಇಂಗ್ಲಿಷಿನ ‘ಸಿವಿಲೈಸೇಷನ್’ ಶಬ್ದದ ಮೂಲದಲ್ಲಿ ಪುರಜನ ಎಂಬ ಅರ್ಥದ ಲ್ಯಾಟಿನ್ ಶಬ್ದವಿರುವುದರಿಂದ ಈ ಹೊಂದಿಕೆ ಸಹಜವೇ ಆಯಿತು. 1921ರಲ್ಲಿ ಹರಪ್ಪದಲ್ಲಿಯೂ ಮರುವರ್ಷ ಮೊಹೆಂಜೊದಾರೊದಲ್ಲಿಯೂ ಉತ್ಖನನ ಆರಂಭವಾಗಿ ಬೀದಿ ಚರಂಡಿಗಳುಳ್ಳ ಊರುಗಳು ಬೆಳಕಿಗೆ ಬಂದ ಮೇಲೆ ‘ಸಿಂಧೂ ನಾಗರಿಕತೆ’ ಎಂಬ ಮಾತು ಅನ್ವರ್ಥವೇ ಆಯಿತು. ತೊಡಕು ಬರುವುದು ಬೇರೆಡೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ಸುಮಾರು 4000 ವರ್ಷಗಳ ಹಿಂದೆಯೇ ದನ ಸಾಕಿ, ಹುರುಳಿ ಕಿರುಧಾನ್ಯಗಳನ್ನು ಬೆಳೆದು, ಕಲ್ಲಿನ ಕೊಡಲಿಗಳನ್ನು ನಯವಾಗಿ ಉಜ್ಜಿ ಬಾಳಿದ ಜನರಿಗೆ ನಗರವಿರಲಿಲ್ಲ. ಅವರ ಬಾಳಿಗೆ ಪ್ರಾಕ್ತನಜ್ಞರು ‘ಸಂಸ್ಕೃತಿ’ ಎಂಬ ಬೇರೆ ಶಬ್ದವನ್ನು ಆರಿಸಿದುದು ಉಚಿತವೇ. ಆದರೆ ಅದೇ ಬಾಳಿನ ಒಕ್ಕಲು ಮಕ್ಕಳನ್ನು ಇಂದು ಅನಾಗರಿಕರೆನ್ನುವ ನಾಲಗೆಗೆ ಆ ವಿವೇಕವಿಲ್ಲ.

ಹಿಂದಿಯಲ್ಲಿ ‘ನಾಗರಿಕತಾ’ ಎಂದರೆ ಕೇವಲ ದೇಶದ ಪ್ರಜೆಯಾಗಿರುವ ಹಕ್ಕು. ಉನ್ನತಿಯ ಅರ್ಥಕ್ಕೆ ಅವರು ‘ಸಭ್ಯತಾ’ ಎನ್ನುತ್ತಾರೆ. ನಾವು ಆ ಹಕ್ಕಿಗೆ ‘ಪೌರತ್ವ’ವೆಂಬ ಇನ್ನೊಂದು ಪುರಸಂಬಂಧಿ ಶಬ್ದವನ್ನು ಇಟ್ಟುಕೊಂಡಿದ್ದೇವೆ. ಅದರಿಂದ ಹಳ್ಳಿಯವನೂ ಕಾನೂನಿನಲ್ಲಿ ‘ಪೌರ’ನೇ. ಇನ್ನು ನಗರದಲ್ಲಿ, ಕೌಟಿಲ್ಯನ ನಾಗರಿಕನಂತೆ ಊರಿನ ಬೀದಿಗಳ ಹೊಣೆ ಹೊತ್ತು ಬೆಳಗಿನ ಜಾವವೇ ಪೊರಕೆ ಹಿಡಿದು ಹೊರಡುವವರ ಹೆಸರಿನಲ್ಲಿಯೂ ಆ ಶಬ್ದವೇ ನಿಂತಿದೆ: ಅವರು ಪೌರಕಾರ್ಮಿಕರು.